ಪಾಸು ಎಂಬ ಒಂದು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ.)



ಮೂವತ್ತಮೂರು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿ ಹೋದ ವರ್ಷ ನಿವೃತ್ತನಾದವನು ನಾನು. ಹಾಗಾಗಿ ಸಮಿತಿಯವರು "ಗ್ರಾಮೀಣ ಮಕ್ಕಳಿಗೆ ಇಂಗ್ಲಿಷ್ ಕಲಿಕೆ" ಎಂಬ ವಿಷಯ ಕೊಟ್ಟು ಇಪ್ಪತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಅಷ್ಟು ದೊಡ್ಡ ವಿಷಯಕ್ಕೆ ಇಪ್ಪತ್ತು ನಿಮಿಷ ಸಾಲುವುದಿಲ್ಲ. ಅದಕ್ಕೆ ಒಂದೇ ಒಂದು ಇಂಗ್ಲಿಷ್ ಮಾತನ್ನು ಹಿಡಿದುಕೊಂಡು ಬಂದಿದ್ದೇನೆ. ಅದನ್ನು ಕಲಿಯಲು ಯಾರೂ ಶಾಲೆಗೆ ಬರಬೇಕಾಗಿಲ್ಲ. ಅಕ್ಷರ ಗೊತ್ತಿಲ್ಲದ ನನ್ನ ಅಮ್ಮನಿಗೂ ಅದು ಗೊತ್ತಿತ್ತು. ಆ ಮಾತು "ಪಾಸ್". ನಮ್ಮ ಬಾಯಲ್ಲಿ "ಪಾಸು".

ಬೆಳಿಗ್ಗೆ ಎಂಟನೇ ತರಗತಿಯ ಮಕ್ಕಳ ಹತ್ತಿರ ಒಂದು ಆಟ ಆಡಿದೆ. ಮನೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಎಷ್ಟು ಪಾಸುಗಳನ್ನು ಕಂಡಿರಿ, ಕೇಳಿದಿರಿ, ಹೇಳಿ ಎಂದೆ. ಒಬ್ಬಳು ಚೀಲದಿಂದ ಬಸ್ ಪಾಸು ತೆಗೆದು ತೋರಿಸಿದಳು. ಒಬ್ಬ "ಊಟದ ಪಾಸು ಸಾರ್" ಎಂದು ನಿನ್ನೆ ಹಂಚಿದ ಹಳದಿ ಚೀಟಿ ತೋರಿಸಿದ. ವಾಲಿಬಾಲ್ ಆಡುವವನು "ಬಾಲ್ ಪಾಸ್" ಎಂದ. ಇನ್ನೊಬ್ಬಳು ತಾಯಿಯ ಬ್ಯಾಂಕ್ ಪಾಸ್‌ಬುಕ್ ಎಂದಳು. ಪಾಸ್‌ಪೋರ್ಟ್ ಸೈಜ್ ಫೋಟೋ ಬಂತು. ಪಾಸ್‌ಪೋರ್ಟ್ ಅನ್ನು ಕಣ್ಣಿಂದ ನೋಡದವರ ಮನೆಯಲ್ಲೂ ಅದರ ಸೈಜಿನ ಫೋಟೋ ಆರು ಕಾಪಿ ಇದ್ದೇ ಇರುತ್ತದೆ. ಮೊಬೈಲಿನ ಪಾಸ್‌ವರ್ಡ್ ಬಂತು. ಪೇಟೆಯ ಹೊರಗಿನ ಬೈಪಾಸ್ ರಸ್ತೆ, ಅಜ್ಜನ ಎದೆಗೆ ಮಾಡಿದ ಬೈಪಾಸ್ ಆಪರೇಷನ್ ಎರಡೂ ಬಂದವು. ವಿಧಾನಸಭೆಯಲ್ಲಿ ಮಸೂದೆ ಪಾಸಾದದ್ದೂ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಹತ್ತಿರ ಕೂಗುವ "ಟೈಂಪಾಸ್ ಕಡ್ಲೆಕಾಯಿ"ಯನ್ನು ಅವರು ಹತ್ತನೆಯದಾಗಿ ಹೇಳಿದರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಸಣ್ಣ ದನಿಯಲ್ಲಿ "ಎಸ್‌ಎಸ್‌ಎಲ್‌ಸಿ ಪಾಸು" ಎಂದ. ಉಳಿದವರೆಲ್ಲ ಸುಮ್ಮನಾದರು.

ಇಷ್ಟೊಂದು ಕೆಲಸ ಮಾಡುವ ಈ ಮಾತು ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಆ ಹುಡುಗ ಹೇಳಿದ ಕೊನೆಯ ಪಾಸಿಗೆ ಕೊನೆಯಲ್ಲಿ ಬರುತ್ತೇನೆ.

ಹಳೆಯ ರೋಮ್ ಸಾಮ್ರಾಜ್ಯದ ಭಾಷೆ ಲ್ಯಾಟಿನ್. ಅದರಲ್ಲಿ "ಪಾಸ್ಸುಸ್" ಎಂದರೆ ಹೆಜ್ಜೆ. ಕಾಲನ್ನು ಚಾಚುವುದು ಎಂಬುದು ಅದರ ಒಳಗಿನ ಅರ್ಥ. ರೋಮನರು ದಾರಿ ಅಳೆಯುತ್ತಿದ್ದದ್ದು ಈ ಪಾಸ್ಸುಸ್ ಲೆಕ್ಕದಲ್ಲಿ. ಆದರೆ ಅವರದು ಜೋಡಿ ಹೆಜ್ಜೆ. ಬಲಗಾಲು ಎತ್ತಿ, ಎಡಗಾಲು ಎತ್ತಿ, ಮತ್ತೆ ಬಲಗಾಲು ಊರಿದರೆ ಒಂದು ಪಾಸ್ಸುಸ್, ಅಂದರೆ ಐದು ರೋಮನ್ ಅಡಿ. ಇಂಥ ಸಾವಿರ ಜೋಡಿ ಹೆಜ್ಜೆಗೆ "ಮಿಲ್ಲೆ ಪಾಸ್ಸುಸ್" ಎನ್ನುತ್ತಿದ್ದರು. "ಮಿಲ್ಲೆ" ಎಂದರೆ ಸಾವಿರ. ಆ ಮಿಲ್ಲೆಯಿಂದಲೇ ಇಂಗ್ಲಿಷಿನ ಮೈಲ್, ನಮ್ಮ ಮೈಲಿ, ರಸ್ತೆ ಬದಿಯ ಮೈಲಿಗಲ್ಲು ಬಂದವು. ರೋಮನ್ ಮೈಲಿ ಸುಮಾರು ಒಂದೂವರೆ ಕಿಲೋಮೀಟರು. ಇಂಗ್ಲಿಷ್ ಮೈಲಿ ಅದಕ್ಕಿಂತ ಸ್ವಲ್ಪ ಉದ್ದ, 1.609 ಕಿಲೋಮೀಟರು. ಒಟ್ಟಿನಲ್ಲಿ ಮೈಲಿ ಎಂಬ ಮಾತಿನ ಪಕ್ಕದಲ್ಲಿ ಒಂದು ಕಾಲದಲ್ಲಿ ಪಾಸ್ಸುಸ್ ಇತ್ತು. ಸಾವಿರ ಮಾತ್ರ ಉಳಿಯಿತು, ಹೆಜ್ಜೆ ಬಿಟ್ಟುಹೋಯಿತು.

ನಮ್ಮ ಕಾಲದಲ್ಲಿ ಈ ಊರಿಗೆ ಮಕ್ಕಳನ್ನು ತರುವ ಬಸ್ಸು ಇರಲಿಲ್ಲ. ನಮ್ಮ ಮನೆಯಿಂದ ಶಾಲೆಗೆ ಮೂರು ಮೈಲಿ. ರೋಮನ್ ಸೈನಿಕನ ಲೆಕ್ಕದಲ್ಲಿ ಮೂರು ಸಾವಿರದ ಇನ್ನೂರಕ್ಕೂ ಹೆಚ್ಚು ಜೋಡಿ ಹೆಜ್ಜೆ. ನಮ್ಮ ಗಿಡ್ಡ ಕಾಲಿನ ಲೆಕ್ಕ ಬೇರೆ. ಅದೇ ದಾರಿಯಲ್ಲಿ ಸಂಜೆ ವಾಪಸು. ದಾರಿಯಲ್ಲಿ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಆ ಸಂಕದ ವಿಷಯಕ್ಕೂ ಆಮೇಲೆ ಬರುತ್ತೇನೆ.

ಪಾಸ್ಸುಸ್‌ನಿಂದ ಜನರ ಆಡುಮಾತಿನ ಲ್ಯಾಟಿನ್ನಿನಲ್ಲಿ ಹೆಜ್ಜೆ ಹಾಕು, ದಾಟು, ಹಾದುಹೋಗು ಎಂಬ ಕ್ರಿಯಾಪದ ಹುಟ್ಟಿತು. ಫ್ರೆಂಚಿನಲ್ಲಿ ಅದು "ಪಾಸ್ಸೇ" ಆಯಿತು. ಫ್ರಾನ್ಸಿನ ನಾರ್ಮಂಡಿಯ ವಿಲಿಯಂ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಆಸ್ಥಾನದ ಮಾತು, ಕೋರ್ಟಿನ ಮಾತು ಫ್ರೆಂಚ್ ಆಯಿತು. ಆಗ ಸಾವಿರಾರು ಫ್ರೆಂಚ್ ಮಾತುಗಳು ಇಂಗ್ಲಿಷಿಗೆ ಇಳಿದವು. ಪಾಸ್ ಕೂಡ ಹಾಗೆ ಬಂದದ್ದು. ಆಮೇಲೆ ಇಂಗ್ಲಿಷರ ಜೊತೆ ನಮ್ಮಲ್ಲಿಗೆ ಬಂತು. ಕನ್ನಡದ ನಾಲಿಗೆ ಅದಕ್ಕೊಂದು "ಉ" ಹಚ್ಚಿ ಪಾಸು ಮಾಡಿಕೊಂಡಿತು.

ಈಗ ಬೆಳಿಗ್ಗೆಯ ಪಟ್ಟಿಗೆ ಹೋಗೋಣ. ಹೆಜ್ಜೆ ಎಂಬ ಒಂದು ಅರ್ಥವನ್ನು ಕೈಯಲ್ಲಿ ಹಿಡಿದುಕೊಂಡರೆ ಎಲ್ಲ ಬಾಗಿಲೂ ತೆರೆಯುತ್ತವೆ. ಬಂದರನ್ನು ದಾಟಿ ಹೋಗಲು ಕೊಡುವ ಅಪ್ಪಣೆ ಪಾಸ್‌ಪೋರ್ಟ್. ಪೋರ್ಟ್ ಎಂದರೆ ಬಂದರು. ಕಾವಲುಗಾರ "ಯಾರದು" ಎಂದು ತಡೆದಾಗ ದಾಟಲು ಹೇಳಬೇಕಾದ ಗುಟ್ಟಿನ ಮಾತು ಪಾಸ್‌ವರ್ಡ್. ದಾರಿಯಲ್ಲಿ ಹಾದುಹೋಗುವವನು ಪ್ಯಾಸೆಂಜರ್. ಅದರ ನಡುವಿನ "ನ್" ಮೊದಲು ಇರಲಿಲ್ಲ. ಫ್ರೆಂಚರು ನಕಾರವಿಲ್ಲದೆ ಹೇಳುತ್ತಿದ್ದರು, ಇಂಗ್ಲಿಷರ ಬಾಯಲ್ಲಿ ಅದು ತಾನಾಗಿ ಸೇರಿಕೊಂಡಿತು. ನಮ್ಮವರು ಅಕ್ಷರ ಸೇರಿಸಿ ಮಾತಾಡಿದರೆ ನಗುತ್ತೇವಲ್ಲ, ಇಂಗ್ಲಿಷರೂ ಅದನ್ನೇ ಮಾಡಿದ್ದಾರೆ. ಹಾದುಹೋದ ಕಾಲ "ಪಾಸ್ಟ್". ಇದು "ಪಾಸ್ಡ್" ಎಂಬುದನ್ನೇ ಹಿಂದೆ ಬರೆಯುತ್ತಿದ್ದ ಇನ್ನೊಂದು ರೀತಿ. ವ್ಯಾಕರಣದಲ್ಲಿ ಪಾಸ್ಟ್ ಟೆನ್ಸ್ ಎಂದು ಬಾಯಿಪಾಠ ಮಾಡುವಾಗ ನೀವು ಹೇಳುತ್ತಿರುವುದು "ದಾಟಿದ ಕಾಲ" ಎಂದು. ಬೆಟ್ಟಗಳ ನಡುವೆ ದಾಟಲು ಇರುವ ಸಂದು ಪಾಸ್. ಚರಿತ್ರೆಯ ಪಾಠದಲ್ಲಿ ಖೈಬರ್ ಪಾಸ್ ಓದಿದ್ದೀರಿ, ನಮ್ಮಲ್ಲಿ ಅಂಥದ್ದಕ್ಕೆ ಘಾಟಿ ಎನ್ನುತ್ತೇವೆ.

ಟೈಂಪಾಸ್ ಎಂಬುದು ನಮ್ಮ ದೇಶದ ತಯಾರಿಕೆ. ಆದರೆ ಅದನ್ನು ಕೇಳಿ ಮೂಗು ಮುರಿಯುವ ಇಂಗ್ಲಿಷ್ ಮೇಷ್ಟರುಗಳಿಗೆ ಒಂದು ಮಾತು ಹೇಳುತ್ತೇನೆ. ಇಂಗ್ಲಿಷಿನಲ್ಲಿ "ಪಾಸ್‌ಟೈಮ್" ಎಂಬ ಮರ್ಯಾದಸ್ಥ ಪದವಿದೆ. ಅದೂ ಪಾಸ್ ಮತ್ತು ಟೈಮ್ ಸೇರಿ ಆದದ್ದೇ. ನಾವು ಅದನ್ನು ತಿರುಗಿಸಿ ಇಟ್ಟು ಕಡ್ಲೆಕಾಯಿ ಮಾರಿದೆವು, ಅಷ್ಟೆ.

ನಿಮ್ಮ ಜಾಮೆಟ್ರಿ ಬಾಕ್ಸಿನಲ್ಲಿಯೂ ಈ ಹೆಜ್ಜೆ ಇದೆ. ಕೈವಾರಕ್ಕೆ ಇಂಗ್ಲಿಷಿನಲ್ಲಿ "ಕಂಪಾಸ್". ಹೆಜ್ಜೆ ಹಾಕಿ ಸುತ್ತ ಅಳೆಯುವುದು ಎಂಬ ಅರ್ಥದಿಂದ ಬಂದದ್ದು. ಅದರ ಎರಡು ಕಾಲುಗಳನ್ನು ನೋಡಿ. ಒಂದು ಕಾಲು ಊರಿ ಇನ್ನೊಂದು ಕಾಲಿನಿಂದ ಸುತ್ತು ಹಾಕುತ್ತದೆ.

ಎಸ್ಟೇಟುಗಳ ಬೇಲಿಯ ಮೇಲೆ "ಟ್ರೆಸ್‌ಪಾಸ್" ಎಂದು ಬೋರ್ಡು ಇರುತ್ತದೆ. ಕನ್ನಡದಲ್ಲಿ "ಅತಿಕ್ರಮ ಪ್ರವೇಶ" ಎಂದು ಬರೆಯುತ್ತಾರೆ. ಇಲ್ಲೊಂದು ಸೊಗಸು ಇದೆ. "ಟ್ರೆಸ್" ಎಂದರೆ ಆಚೆಗೆ, "ಪಾಸ್" ಎಂದರೆ ಹೆಜ್ಜೆ. ಸಂಸ್ಕೃತದ "ಕ್ರಮ" ಎಂಬುದಕ್ಕೂ ಮೊದಲ ಅರ್ಥ ಹೆಜ್ಜೆ. ಮೂರು ಹೆಜ್ಜೆಯಲ್ಲಿ ಲೋಕ ಅಳೆದವನು ತ್ರಿವಿಕ್ರಮ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೆಜ್ಜೆ ಇಡುವುದು ಸಂಕ್ರಮಣ. ಅಳತೆ ಮೀರಿ ಹೆಜ್ಜೆ ಇಟ್ಟರೆ ಅತಿಕ್ರಮ. ಇಂಗ್ಲಿಷಿನ ಬೋರ್ಡೂ ಕನ್ನಡದ ಬೋರ್ಡೂ ಒಳಗೊಳಗೆ ಒಂದೇ ಚಿತ್ರವನ್ನು ಬರೆದಿವೆ. ಸಂಸ್ಕೃತದಲ್ಲಿ "ಸಂಕ್ರಮ" ಎಂದರೆ ದಾಟಲು ಕಟ್ಟಿದ ಸೇತುವೆ ಎಂದೂ ಅರ್ಥವಿದೆ. ನಮ್ಮ ಸಂಕವನ್ನು ನೆನೆದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಮಕ್ಕಳೇ, ಇಲ್ಲಿ ಎಚ್ಚರ ಬೇಕು. ಒಂದೇ ರೀತಿ ಕೇಳುವ ಮಾತುಗಳೆಲ್ಲ ಒಂದೇ ಮನೆಯವಲ್ಲ. "ಪ್ಯಾಷನ್", "ಪೇಷಂಟ್", "ಪ್ಯಾಸಿವ್", ಇವೂ ಪಾಸಿನ ನೆಂಟರು ಎಂದು ನಾನೇ ಬಹಳ ಕಾಲ ತಿಳಿದಿದ್ದೆ. ಅಲ್ಲ. ಲ್ಯಾಟಿನ್ನಿನಲ್ಲಿ ಇನ್ನೊಂದು ಪಾಸ್ಸುಸ್ ಇದೆ. ಅಕ್ಷರ ಅವೇ, ಹುಟ್ಟು ಬೇರೆ. ಅದರ ಅರ್ಥ "ಅನುಭವಿಸಿದ, ನೋವು ಪಟ್ಟ" ಎಂದು. ನೋವು ಪಡುತ್ತಿರುವವನು ಪೇಷಂಟ್. ನೋವನ್ನು ತಾಳಿಕೊಳ್ಳುವ ಗುಣ ಪೇಷನ್ಸ್, ನಮ್ಮ ತಾಳ್ಮೆ. ಇನ್ನೊಬ್ಬರ ಜೊತೆ ನೋಯುವುದು ಕಂಪ್ಯಾಷನ್. ನಮ್ಮ ಕಡೆ ಬೇಲಿಗೆ ಹಬ್ಬಿಸಿ ಶರಬತ್ತು ಮಾಡುವ ಪ್ಯಾಷನ್ ಫ್ರೂಟ್‌ಗೆ ಆ ಹೆಸರು ಬಂದದ್ದು ಕೂಡ ನೋವಿನಿಂದ. ದಕ್ಷಿಣ ಅಮೆರಿಕಕ್ಕೆ ಹೋದ ಕ್ರೈಸ್ತ ಪಾದ್ರಿಗಳಿಗೆ ಅದರ ಹೂವಿನ ಎಳೆಗಳಲ್ಲಿ ಏಸುವಿನ ಮುಳ್ಳಿನ ಕಿರೀಟ, ಮೊಳೆಗಳು ಕಂಡವು. ಏಸು ಪಟ್ಟ ಪಾಡಿಗೆ "ಪ್ಯಾಷನ್" ಎನ್ನುತ್ತಾರೆ. ಹೂವಿಗೂ ಹಣ್ಣಿಗೂ ಅದೇ ಹೆಸರಾಯಿತು.

ಹತ್ತನೇ ತರಗತಿಯವರು ಹೆದರುವ ಪ್ಯಾಸಿವ್ ವಾಯ್ಸ್ ಕೂಡ ಈ ಮನೆಯದೇ. ಕನ್ನಡದಲ್ಲಿ ಕರ್ಮಣಿ ಪ್ರಯೋಗ. "ರಾವಣನು ರಾಮನಿಂದ ಕೊಲ್ಲಲ್ಪಟ್ಟನು." ಇದರಲ್ಲಿರುವ "ಪಟ್ಟನು" ಯಾವುದು? ಕಷ್ಟಪಡು, ದುಃಖಪಡು ಎನ್ನುವಾಗ ಬರುವ ಅದೇ "ಪಡು". ಲ್ಯಾಟಿನ್ ಬಲ್ಲವರು ಪ್ಯಾಸಿವ್ ಎಂದು ಕರೆದಿದ್ದನ್ನು ಕನ್ನಡ ತನ್ನಷ್ಟಕ್ಕೆ ತಾನೇ "ಪಡು" ಎಂದು ಹೇಳಿತ್ತು. ಇದನ್ನು ಹೀಗೆ ವಿವರಿಸಿದ ಮೇಲೆ ನನ್ನ ತರಗತಿಯಲ್ಲಿ ಪ್ಯಾಸಿವ್ ವಾಯ್ಸಿನ ಹೆದರಿಕೆ ಅರ್ಧ ಕಡಿಮೆಯಾಗುತ್ತಿತ್ತು.

ಹೀಗೆ ಎರಡು ಪಾಸ್ಸುಸ್. ಒಂದು ನಡೆದದ್ದು, ಇನ್ನೊಂದು ನೊಂದದ್ದು. ನಿಘಂಟಿನಲ್ಲಿ ಇವೆರಡಕ್ಕೂ ಸಂಬಂಧವಿಲ್ಲ.

ಇನ್ನು ಹಿಂದಿನ ಬೆಂಚಿನ ಹುಡುಗ ಹೇಳಿದ ಪಾಸಿಗೆ ಬರುತ್ತೇನೆ.

ಪರೀಕ್ಷೆಯಲ್ಲಿ ಪಾಸಾಗುವುದಕ್ಕೆ ನಮ್ಮಲ್ಲಿ ಎರಡು ಒಳ್ಳೆಯ ಮಾತುಗಳಿವೆ. ಒಂದು "ತೇರ್ಗಡೆ". ಇದಕ್ಕೂ ರಥಬೀದಿಯ ತೇರಿಗೂ ಸಂಬಂಧವಿಲ್ಲ. ಇದು ನಮ್ಮ ದ್ರಾವಿಡ ಭಾಷೆಗಳ ಹಳೆಯ ಸೊತ್ತು, ತಮಿಳರು ಇಂದಿಗೂ ಪಾಸಾಗುವುದಕ್ಕೆ "ತೇರ್ಚಿ" ಎನ್ನುತ್ತಾರೆ. ಇನ್ನೊಂದು "ಉತ್ತೀರ್ಣ". ಸಂಸ್ಕೃತದ "ತೃ" ಧಾತುವಿನಿಂದ ಬಂದದ್ದು. ಅದರ ಅರ್ಥ ದಾಟು, ಅದರಲ್ಲೂ ನೀರನ್ನು ದಾಟು. ನದಿಯನ್ನು ದಾಟುವ ಜಾಗ ತೀರ್ಥ. ದಾಟುವ ದಾರಿ ಮಾಡಿಕೊಟ್ಟವನು ತೀರ್ಥಂಕರ. ನೀರು ದಾಟಿ ಆಚೆಯ ದಡ ಹತ್ತಿದವನು ಉತ್ತೀರ್ಣ. ಲ್ಯಾಟಿನ್ನಿನ "ಟ್ರಾನ್ಸ್" ಎಂಬುದೂ ಈ "ತೃ"ವೂ ಬಹಳ ಹಿಂದೆ ಒಂದೇ ಬೇರಿನಿಂದ ಒಡೆದವು ಎಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ನೀವು ಶಾಲೆ ಬಿಡುವಾಗ ತೆಗೆದುಕೊಳ್ಳುವ ಟಿಸಿ, ಅಂದರೆ ಟ್ರಾನ್ಸ್‌ಫರ್ ಸರ್ಟಿಫಿಕೇಟಿನಲ್ಲಿ ಇರುವುದು ಆ ಟ್ರಾನ್ಸೇ.

ಪಾಸಾಗದಿದ್ದರೆ? ಅದಕ್ಕೆ ನಮ್ಮ ಜನ "ನಪಾಸು" ಎಂಬ ಮಾತು ಕಟ್ಟಿದರು. ನಾಪತ್ತೆ, ನಾಲಾಯಕ್ಕು ಎನ್ನುವಾಗ ಪರ್ಷಿಯನ್, ಉರ್ದುವಿನ ದಾರಿಯಲ್ಲಿ ಬಂದ "ನಾ" ಇದೆಯಲ್ಲ, ಅದನ್ನು ರೋಮಿನ ಹೆಜ್ಜೆಗೆ ಜೋಡಿಸಿ, ಕೊನೆಗೆ ಕನ್ನಡದ "ಉ" ಹಚ್ಚಿದರು. ಮೂರು ದೇಶದ ಸಾಮಾನಿನಿಂದ ಒಬ್ಬ ಹುಡುಗನನ್ನು ಅಳಿಸಲು ಒಂದು ಮಾತು ತಯಾರಾಯಿತು. ಹುಡುಗರ ಬಾಯಲ್ಲಿ ಅದು "ಡುಮ್ಕಿ". ನೀರಿನಲ್ಲಿ ಮುಳುಗು ಹಾಕುವುದಕ್ಕೆ ಹಿಂದಿಯಲ್ಲಿರುವ "ಡುಬ್ಕಿ" ಎಂಬ ಮಾತನ್ನು ಅದು ನೆನಪಿಸುತ್ತದೆ. ಉತ್ತೀರ್ಣನಾದವನು ನೀರು ದಾಟಿದ, ಉಳಿದವನು ನೀರಿನಲ್ಲಿ ಮುಳುಗಿದ ಎಂದು ನಾವು ತೀರ್ಮಾನಿಸಿಬಿಟ್ಟೆವು. ದಾಟದವನು ಮುಳುಗಿಯೇ ಹೋಗಿರಬೇಕು ಎಂದೇನಿಲ್ಲವಲ್ಲ? ಈಚೆ ದಡದಲ್ಲಿ ನಿಂತಿರಬಹುದು. ಇಂಗ್ಲಿಷಿನ "ಫೇಲ್" ಕೂಡ ಲ್ಯಾಟಿನ್ನಿನ "ವಂಚಿಸು" ಎಂಬ ಅರ್ಥದ ಧಾತುವಿನಿಂದ ಬಂದದ್ದು. "ಫಾಲ್ಸ್", "ಫಾಲ್ಟ್" ಅದರ ಒಡಹುಟ್ಟಿದವು. ಮಗು ಯಾರನ್ನು ವಂಚಿಸಿತು ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಈಗ ಒಂದು ಸಂಗತಿ ಹೇಳಬೇಕು. ಮೂವತ್ತಮೂರು ವರ್ಷದಲ್ಲಿ ಯಾವ ತರಗತಿಯಲ್ಲೂ ಇದನ್ನು ನಾನು ಹೇಳಿಲ್ಲ. ಇಲ್ಲಿ ಕುಳಿತಿರುವ ನನ್ನ ಸಹೋದ್ಯೋಗಿಗಳಿಗೂ ಗೊತ್ತಿರಲಿಕ್ಕಿಲ್ಲ.

1979ರಲ್ಲಿ ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಬರೆದವನು ನಾನು, ಮೂರನೆಯ ತಂಡ. ಆಗ ಫಲಿತಾಂಶ ಪೇಪರಿನಲ್ಲಿ ಬರುತ್ತಿತ್ತು. ಹೆಸರು ಇಲ್ಲ, ಪಾಸಾದವರ ನಂಬರು ಮಾತ್ರ. ಮಧ್ಯಾಹ್ನದ ಬಸ್ಸಿಗೆ ಪೇಪರು ಬಂತು. ನಾನೂ ನನ್ನ ಗೆಳೆಯನೂ ಅಂಗಡಿ ಕಟ್ಟೆಯ ಮೇಲೆ ಅದನ್ನು ಹಾಸಿಕೊಂಡು ಬೆರಳಿಟ್ಟು ಹುಡುಕಿದೆವು. ನಮ್ಮ ಹಿಂದಿನ ನಂಬರು ಇತ್ತು, ಮುಂದಿನ ನಂಬರು ಇತ್ತು. ನಡುವೆ ನಾವಿಬ್ಬರೂ ಇರಲಿಲ್ಲ. ಮಾರ್ಕ್ಸ್‌ಕಾರ್ಡ್ ಬಂದಾಗ ತಿಳಿಯಿತು, ಇಬ್ಬರೂ ಹೋದದ್ದು ಒಂದೇ ವಿಷಯದಲ್ಲಿ. ಇಂಗ್ಲಿಷಿನಲ್ಲಿ. ಪಾಸಿಗೆ ಬೇಕಾದದ್ದು 35. ಅವನಿಗೆ 31, ನನಗೆ 28.

ಇಂಗ್ಲಿಷಿನಲ್ಲಿ ನಪಾಸಾದವನೇ ಇಂಗ್ಲಿಷ್ ಮೇಷ್ಟರಾಗಿ ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ. ನಗಬಹುದು, ನಾನೂ ನಗುತ್ತೇನೆ. ಆ ದಿನ ನಗು ಬರಲಿಲ್ಲ.

ಅಪ್ಪ ಏನೂ ಬೈಯಲಿಲ್ಲ. "ತೋಟದ ಕೆಲಸ ಇದ್ದೇ ಇದೆ" ಎಂದರು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ಮೂರನೆಯ ದಿನ ಅಮ್ಮ ನನ್ನನ್ನು ಕರೆದುಕೊಂಡು ಮೂರು ಮೈಲಿ ನಡೆದು ಇಲ್ಲಿಗೆ ಬಂದರು. ಆಗ ಶಾಲೆಗೆ ಇದ್ದದ್ದು ಹೆಂಚಿನ ನಾಲ್ಕು ಕೋಣೆ. ಇಂಗ್ಲಿಷ್ ಮೇಷ್ಟರು ಜಗಲಿಯಲ್ಲಿ ನಿಂತಿದ್ದರು. ಅಮ್ಮ ಕೊಡೆ ಮಡಿಸಿಟ್ಟು ಕೇಳಿದರು: "ಮಾಸ್ಟ್ರೇ, ಈ ಪಾಸು ಅಂದ್ರೆ ಎಂತದು? ಇವ ಮೂರು ವರ್ಷ ಮಳೆ ಗಾಳಿ ಅನ್ನದೆ ಸಂಕ ದಾಟಿ ಬಂದು ಹೋಗಿ ಮಾಡಿದ್ದು ಯಾವ ಲೆಕ್ಕಕ್ಕೂ ಇಲ್ವಾ?"

ಮೇಷ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಲೆಕ್ಕಕ್ಕೆ ಉಂಟು ಅಮ್ಮ. ಏಳು ಮಾರ್ಕು ಬಾಕಿ ಉಂಟು, ಅಷ್ಟೆ. ಸಂಜೆ ಹೊತ್ತು ಕಳಿಸಿ" ಎಂದರು. ನನ್ನ ಕಡೆ ತಿರುಗಿ "ಅವನನ್ನೂ ಕರೆದುಕೊಂಡು ಬಾ" ಎಂದರು. ಅವನು ಎಂದರೆ ನನ್ನ ಗೆಳೆಯ.

ಮರುಪರೀಕ್ಷೆಯ ಫೀಸನ್ನು ಅಮ್ಮ ಸಾಸಿವೆ ಡಬ್ಬಿಯಿಂದ ತೆಗೆದು ಕೊಟ್ಟರು. ಆ ಮಳೆಗಾಲವೆಲ್ಲ ಮೇಷ್ಟರ ಕೋಣೆಯಲ್ಲಿ ಲಾಟೀನಿನ ಮುಂದೆ ಕುಳಿತೆ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ ಅವರು. ಮೊದಲ ದಿನ ದಪ್ಪ ನಿಘಂಟೊಂದನ್ನು ಮುಂದಿಟ್ಟು "ಪಾಸ್ ತೆಗಿ" ಎಂದರು. ತೆಗೆದೆ. ಒಂದು ಪುಟ ತುಂಬ ಅರ್ಥಗಳಿದ್ದವು. "ಇಷ್ಟರಲ್ಲಿ ನಿನಗೆ ಆಗದೆ ಇದ್ದದ್ದು ಒಂದು. ಉಳಿದದ್ದು ಓದು" ಎಂದರು. ಅಂದು ಶುರುವಾದ ಓದು ಇವತ್ತು ಈ ಮೈಕಿನ ಮುಂದೆ ನಿಲ್ಲಿಸಿದೆ. ಮರುಪರೀಕ್ಷೆಯಲ್ಲಿ ನನಗೆ 39 ಬಂತು. ಮೇಷ್ಟರು ಈಗಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೂ ಪಾಸ್ ಮಾತನ್ನೇ ಬಳಸುತ್ತಾರೆ, "ಪಾಸ್ಡ್ ಅವೇ" ಎಂದು.

ಗೆಳೆಯನ ವಿಷಯ ಉಳಿಯಿತು. ಮೇಷ್ಟರು ಹೇಳಿದ ಮರುದಿನ ಅವನ ಮನೆಗೆ ಹೋದೆ. ಅವನು ಇರಲಿಲ್ಲ. ಅಕ್ಕನ ಮದುವೆಯ ಸಾಲವಿತ್ತು, ಬಸ್ಸಿಗೆ ಕ್ಲೀನರ್ ಆಗಿ ಹೋಗಿದ್ದಾನೆ ಎಂದು ಅವನ ತಾಯಿ ಹೇಳಿದರು. "ಬಂದ ಮೇಲೆ ಹೇಳ್ತೇನೆ ಮಗಾ" ಎಂದರು. ನಾನು ವಾಪಸು ಬಂದೆ. ಎರಡನೆಯ ಸಲ ಹೋಗಲಿಲ್ಲ. ಮಳೆ ಜಾಸ್ತಿ ಇತ್ತು, ಹಳ್ಳ ತುಂಬಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ದಿನಾ ಸಂಜೆ ಮೇಷ್ಟರ ಮನೆಗೆ ಹೋಗಲು ಅದೇ ಹಳ್ಳವನ್ನು ದಾಟುತ್ತಿದ್ದೆ ಎಂಬುದನ್ನು ಮಾತ್ರ ಹೇಳಿಕೊಂಡಿಲ್ಲ. ನನಗಿಂತ ಮೂರು ಮಾರ್ಕು ಹೆಚ್ಚು ತೆಗೆದವನು ಅವನು. ಅವನಿಗೆ ಬೇಕಾಗಿದ್ದದ್ದು ನಾಲ್ಕು ಮಾರ್ಕು ಮತ್ತು ಒಂದು ಸಾಸಿವೆ ಡಬ್ಬಿ.

ಇನ್ನೂ ಒಂದು ಹೇಳಬೇಕು. ಮೇಷ್ಟರಾದ ಮೇಲೆ ಒಂದು ಶಾಲೆಯಲ್ಲಿ, ಸಿಟ್ಟಿನ ಭರದಲ್ಲಿ ಒಬ್ಬ ಹುಡುಗನಿಗೆ ತರಗತಿಯ ಎದುರೇ "ನೀನು ಪಾಸಾಗೋ ಗಿರಾಕಿ ಅಲ್ಲ ಬಿಡು" ಎಂದೆ. ಅವನು ತಲೆ ಬಗ್ಗಿಸಿ ಕೂತ. ಮರುದಿನದಿಂದ ಒಂದು ವಾರ ಬರಲಿಲ್ಲ. ಅವನ ಮನೆ ಹುಡುಕಿಕೊಂಡು ಹೋಗಿ ಕರೆತಂದೆ. ಅಂದಾದರೂ "ನಾನೂ ನಪಾಸಾದವನೇ ಮಗಾ" ಎಂದು ಹೇಳಬಹುದಿತ್ತು. ನಾಲಿಗೆಗೆ ಬಂತು, ಹೊರಗೆ ಬರಲಿಲ್ಲ. ಸಾಹೇಬರಿಗೆ ಗೊತ್ತಾದರೆ, ಮಕ್ಕಳಿಗೆ ಗೊತ್ತಾದರೆ ಎಂಬ ಹೆದರಿಕೆ. ಆ ಒಂದು ಮಾತು ಆ ಹುಡುಗನಿಗೆ ನನ್ನ ಎಲ್ಲ ಗ್ರಾಮರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಇಷ್ಟೆಲ್ಲ ಈಗ ಯಾಕೆ ಎಂದರೆ, ಎರಡು ತಿಂಗಳ ಹಿಂದೆ ಸ್ಮರಣ ಸಂಚಿಕೆಯ ಸಮಿತಿಯವರು ಒಂದು ಪಟ್ಟಿ ಕಳಿಸಿ "ಹೆಸರುಗಳ ಕಾಗುಣಿತ ನೋಡಿಕೊಡಿ ಸಾರ್" ಎಂದರು. ತಲೆಬರಹ "ನಮ್ಮ ಹಳೆಯ ವಿದ್ಯಾರ್ಥಿಗಳು" ಎಂದಿತ್ತು. ಐವತ್ತು ವರ್ಷದ ಪಟ್ಟಿ, ಬಹಳ ಶ್ರಮ ಪಟ್ಟು ಮಾಡಿದ್ದಾರೆ. 1979ರ ಪುಟ ತೆಗೆದೆ. ಮೊದಲ ಪಟ್ಟಿಯಲ್ಲಿ ನಾನಿಲ್ಲ. ಕೆಳಗೆ ಮರುಪರೀಕ್ಷೆಯ ನಾಲ್ಕು ಹೆಸರುಗಳಲ್ಲಿ ನಾನಿದ್ದೆ. ಗೆಳೆಯ ಎಲ್ಲೂ ಇಲ್ಲ. ಅವನೊಬ್ಬನೇ ಅಲ್ಲ, ನನಗೆ ನೆನಪಿರುವ ಹನ್ನೊಂದು ಮುಖಗಳು ಆ ಪುಟದಲ್ಲಿ ಇರಲಿಲ್ಲ. ಸಮಿತಿಯವರನ್ನು ಕೇಳಿದೆ. ಪಟ್ಟಿಯನ್ನು ಎಸ್‌ಎಸ್‌ಎಲ್‌ಸಿ ಪಾಸಾದವರ ರಿಜಿಸ್ಟರಿನಿಂದ ಮಾಡಿದ್ದು ಎಂದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕೈಗೆ ಸಿಕ್ಕಿದ್ದು ಆ ಪುಸ್ತಕ.

ನಿನ್ನೆ ಈ ಸಮಾರಂಭಕ್ಕೆ ಬರುವಾಗ ಅವನ ಬಸ್ಸಿಗೇ ಹತ್ತಿದೆ. ಕ್ಲೀನರ್ ಆಗಿದ್ದವನು ಡ್ರೈವರ್ ಆಗಿ ಮೂವತ್ತು ವರ್ಷದ ಮೇಲಾಯಿತು. ಖಾಸಗಿ ಬಸ್ಸು, ಅದರಲ್ಲಿ ಸರ್ಕಾರದ ಪಾಸು ನಡೆಯುವುದಿಲ್ಲ. ಆದರೆ ಶಾಲೆ ಮಕ್ಕಳಿಗೆ ಅರ್ಧ ಚಾರ್ಜು. ಕೈಯಲ್ಲಿ ಅದೂ ಇಲ್ಲದವರನ್ನು ಕೆಳಗಿಳಿಸಿದ್ದನ್ನು ನಾನು ನೋಡಿಲ್ಲ. ಸರ್ಕಾರಿ ಬಸ್ಸು ಬರುವ ಮುಂಚೆ ಎಷ್ಟೋ ವರ್ಷ ಈ ಶಾಲೆಯ ಮಕ್ಕಳು ಬಂದದ್ದು ಅವನ ಬಸ್ಸಿನಲ್ಲೇ. ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕುಳಿತು ಹೇಳಿದೆ: "ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಮಾರಾಯ."

"ನಾನು ಪಾಸಾಗ್ಲಿಲ್ಲಲ್ಲ ಮಾರಾಯ" ಎಂದ. ಸಿಟ್ಟಿನಿಂದಲ್ಲ, ಗೇರು ಹಾಕುತ್ತಾ ಹಾಗೇ ಹೇಳಿದ. ಸ್ವಲ್ಪ ದೂರ ಹೋದ ಮೇಲೆ "ಮೂರು ವರ್ಷ ಬಂದಿದ್ದೆ ಅಂತ ಎಲ್ಲಾದ್ರೂ ಬರ್ದಿದ್ದಾರಾ?" ಎಂದು ಕೇಳಿದ.

ಬರೆದಿದ್ದಾರೆ. ಆಫೀಸಿನ ಕಪಾಟಿನಲ್ಲಿ ದಾಖಲಾತಿ ಪುಸ್ತಕ ಇದೆ. ನಿನ್ನೆ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ತೆಗೆದು ನೋಡಿದೆ. 1976ರ ಜೂನಿನ ಪುಟದಲ್ಲಿ, ಅಂಚು ಗೆದ್ದಲು ತಿಂದಿದ್ದರೂ, ಅವನ ಹೆಸರೂ ನನ್ನ ಹೆಸರೂ ಒಂದರ ಕೆಳಗೆ ಒಂದು ಇವೆ.

ಅದಕ್ಕೆ ಸಮಿತಿಯವರಲ್ಲಿ ನನ್ನದು ಒಂದೇ ಬೇಡಿಕೆ. ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಪಾಸಾದವರ ಪುಸ್ತಕದಿಂದ ಮಾಡಬೇಡಿ, ಬಂದವರ ಪುಸ್ತಕದಿಂದ ಮಾಡಿ. ಕೆಲಸ ಹೆಚ್ಚು ಎಂದು ಗೊತ್ತು. ಬರೆದುಕೊಡಲು ನಾನಿದ್ದೇನೆ, ನಿವೃತ್ತನಿಗೆ ಬೇರೆ ಏನು ಟೈಂಪಾಸ್? ಪಾಸ್ ಎಂಬ ಮಾತಿನ ಮೂಲ ಅರ್ಥ ಹೆಜ್ಜೆ ಎಂದು ಇಷ್ಟು ಹೊತ್ತು ಹೇಳಿದೆ. ಆ ಅರ್ಥದಲ್ಲಿ ಮೂರು ವರ್ಷ, ದಿನಕ್ಕೆ ಆರು ಮೈಲಿ ಪಾಸ್ ಆದವನು ಅವನು. ಈ ಶಾಲೆಯ ದಾರಿ ಸವೆದದ್ದು ಅವನ ಕಾಲಿನಿಂದಲೂ ಹೌದು.

ಮಾರ್ಚಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳೇ, ಪಾಸಾಗುವುದು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸುಳ್ಳು. ಪಾಸಾದದ್ದರಿಂದಲೇ ನಾನು ಇಲ್ಲಿ ನಿಂತಿದ್ದೇನೆ. ಚೆನ್ನಾಗಿ ಓದಿ, ಪಾಸಾಗಿ. ಆದರೆ ಯಾರಿಗಾದರೂ ಈ ಸಲ ಆಗದಿದ್ದರೆ ಎರಡು ಕೆಲಸ ಮಾಡಬೇಕು. ಆಗದವರು ಮೂರನೆಯ ದಿನ ಶಾಲೆಗೆ ಬರಬೇಕು, ಎಷ್ಟು ಮಾರ್ಕು ಬಾಕಿ ಎಂದು ಕೇಳಬೇಕು. ಆದವರು ಆ ಗೆಳೆಯನ ಮನೆಗೆ ಹೋಗಬೇಕು. ಮೊದಲ ಸಲ ಅವನು ಸಿಗದಿದ್ದರೆ ಎರಡನೆಯ ಸಲವೂ ಹೋಗಬೇಕು.

ನಾಲ್ಕೂವರೆ ಬಸ್ಸಿಗೆ ಹೋಗುವ ಮಕ್ಕಳು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದು ಕಾಣುತ್ತಿದೆ. ಹೊರಡಿ, ಪಾಸು ಮರೆಯಬೇಡಿ. 

(ಸಂಚಿಕೆಯ ಕೊನೆಯಲ್ಲಿರುವ ಪಟ್ಟಿಯನ್ನು ಸಮಿತಿಯವರು ದಾಖಲಾತಿ ಪುಸ್ತಕದ ಪ್ರಕಾರ ಮತ್ತೆ ಸಿದ್ಧಪಡಿಸಿದ್ದಾರೆ. ಗೆದ್ದಲು ತಿಂದ ಕಡೆ ಓದಲಾಗದ ಹೆಸರುಗಳು ಯಾರಿಗಾದರೂ ನೆನಪಿದ್ದರೆ ಶಾಲೆಗೆ ತಿಳಿಸಬೇಕೆಂದು ವಿನಂತಿ.)